ತಾತನ ಮಂಚ ಮತ್ತು ಗಿಟಾರಿನ ಕತ್ತು

ಎಂಟು ತಿಂಗಳಿಂದ ನಮ್ಮ ಮನೆ ಕಾರು ಬೀದಿಯಲ್ಲಿ ನಿಲ್ಲುತ್ತಿದೆ. ಅದರ ಜಾಗದಲ್ಲಿ ಒಂದು ಮರದ ಬೆಂಚು, ಆರು ಕ್ಲಾಂಪು, ಎರಡು ಹತ್ತರಿ, ಉಳಿಗಳ ಒಂದು ಕಟ್ಟು ಮತ್ತು ಎಷ್ಟು ಗುಡಿಸಿದರೂ ಮುಗಿಯದ ಮರದ ಹೊಟ್ಟು ಬಂದು ಕೂತಿವೆ. ಏನು ನಡೀತಾ ಇದೆ ಇಲ್ಲಿ ಅಂತ ಪಕ್ಕದ ಮನೆಯವರು ಕೇಳಿದಾಗ "ಕತ್ತು ಮಾಡ್ತಾ ಇದೀನಿ" ಅಂದೆ. ಅವರು ಇನ್ನೊಂದು ಪ್ರಶ್ನೆ ಕೇಳದೆ ಒಳಗೆ ಹೋದರು :-)

ಗಿಟಾರಿನ ಕತ್ತು ಕಣ್ರೀ. ಎಲೆಕ್ಟ್ರಿಕ್ ಗಿಟಾರಿನದು.

ಕಾಲೇಜಿನಲ್ಲಿದ್ದಾಗ ಕೊಂಡ ಗಿಟಾರೊಂದು ನನ್ನ ಹತ್ತಿರ ಇದೆ. ಅದರ ಮೈ ಚೆನ್ನಾಗೇ ಇದೆ, ಕತ್ತು ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡುಬಿಟ್ಟಿತ್ತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೈಗಿಂತ ಕತ್ತೇ ದೊಡ್ಡ ವಿಷಯ ಅನ್ನೋದು ನನ್ನ ಅಭಿಪ್ರಾಯ. ವೀಣೆಗೋ ಪಿಟೀಲಿಗೋ ಹೊಟ್ಟೆ ಟೊಳ್ಳಾಗಿರಬೇಕು, ನಾದ ತುಂಬಿಕೊಳ್ಳೋದೇ ಅಲ್ಲಿ. ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಬರೀ ಗಟ್ಟಿ ಹಲಗೆ. ತಂತಿ ಅದುರೋದನ್ನ ಅದರ ಕೆಳಗಿರುವ ಆಯಸ್ಕಾಂತ ಮತ್ತು ತಾಮ್ರದ ಸುರುಳಿ ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತವೆ. ಆ ಹಲಗೆ ಯಾವ ಮರದ್ದಾಗಿರಬೇಕು ಅಂತ ಜನ ಜಗಳಾಡುತ್ತಾರೆ, ಆಡಿಕೊಳ್ಳಲಿ ಬಿಡಿ. ಕತ್ತಿನ ವಿಷಯದಲ್ಲಿ ಮಾತ್ರ ಜಗಳಕ್ಕೆ ಜಾಗವಿಲ್ಲ. ಆರು ತಂತಿ ಬಿಗಿದಾಗ ಒಟ್ಟು ಎಳೆತ ಸುಮಾರು 45 ಕಿಲೋ. ಒಂದು ಸಿಮೆಂಟ್ ಮೂಟೆಗೆ ಐದು ಕಿಲೋ ಕಮ್ಮಿ ಅಷ್ಟೆ. ಆ ಎಳೆತವನ್ನ ಹಗಲೂ ರಾತ್ರಿ, ವರ್ಷಗಟ್ಟಲೆ ತಡೆದುಕೊಳ್ಳಬೇಕಾದ್ದು ತುದಿಯಲ್ಲಿ 42 ಮಿಲಿಮೀಟರ್ ಅಗಲ, 21 ಮಿಲಿಮೀಟರ್ ದಪ್ಪ ಇರುವ ಒಂದು ಕೋಲು. ಇದಕ್ಕಾಗಿಯೇ ಒಳಗೊಂದು ಉಕ್ಕಿನ ಸರಳು ಹುದುಗಿಸಿ, ಬೇಕಾದಾಗ ಬಿಗಿ ಮಾಡೋ ಉಪಾಯವನ್ನ ಗಿಬ್ಸನ್ ಕಂಪನಿಯವರು 1920ರ ದಶಕದಲ್ಲಿ ತಂದರು. ಟ್ರಸ್ ರಾಡ್ ಅಂತಾರೆ. ಕತ್ತು ಬಿಲ್ಲಿನ ಹಾಗೆ ಬಾಗಿದರೆ ಅದು ಸರಿ ಮಾಡುತ್ತೆ. ತಿರುಚಿದರೆ ಅದರ ಕೈಲೂ ಆಗಲ್ಲ. ತಿರುಚದೇ ಇರೋದು ಮರದ ಕೈಲಿದೆ.

ಹಾಗಾಗಿ ಮರ.

ಗಿಟಾರ್ ಕತ್ತಿಗೆ ಪ್ರಪಂಚವೆಲ್ಲ ಬಳಸೋದು ಮೇಪಲ್, ಇಲ್ಲವೇ ಮಹೋಗನಿ. ಫೆಂಡರ್ ಕಂಪನಿ 1950ರಲ್ಲಿ ಪೂರ್ತಿ ಮೇಪಲ್‌ನಲ್ಲೇ ಕತ್ತು ಮಾಡುತ್ತಿತ್ತು. 1958-59ರಿಂದ ಮೇಲೊಂದು ರೋಸ್‌ವುಡ್ ಹಲಗೆ ಕೂರಿಸೋಕೆ ಶುರು ಮಾಡಿತು. ಬೆರಳು ಓಡಾಡೋದು ಈ ಹಲಗೆಯ ಮೇಲೆ, ಫಿಂಗರ್‌ಬೋರ್ಡ್ ಅಂತ ಅದಕ್ಕೆ ಹೆಸರು. ಮೊದಮೊದಲು ಬ್ರೆಜಿಲಿನ ರೋಸ್‌ವುಡ್, ಆಮೇಲೆ ನಮ್ಮ ದಕ್ಷಿಣ ಭಾರತದ್ದು. ಅಂದರೆ ಬೀಟೆ. ನನಗೂ ಅಮೆರಿಕದ ಮೇಪಲ್ ತರಿಸು ಅಂತಲೇ ಎಲ್ಲರೂ ಹೇಳಿದ್ದರು. ಬೇಡ ಅಂದವರು ಗೊಟ್ಟಿಗೆರೆಯ ನಮ್ಮ ಆಚಾರ್ರು ಒಬ್ಬರೇ.

ಆಚಾರ್ರ ಅಂಗಡಿ ನಮ್ಮ ಮನೆಯಿಂದ ಎರಡು ತಿರುವು ಆಚೆ. ಬನ್ನೇರುಘಟ್ಟ ರಸ್ತೆಯ ಸದ್ದು ಅಲ್ಲಿಗೆ ಸ್ವಲ್ಪ ಕಮ್ಮಿ. ಎಪ್ಪತ್ತರ ಹತ್ತಿರದ ವಯಸ್ಸು, ಕಿವಿ ಹಿಂದೆ ಪೆನ್ಸಿಲ್. ಇಲ್ಲಿ ಹೊಲ ಇದ್ದಾಗ ನೇಗಿಲು ಮಾಡಿಕೊಟ್ಟವರು, ಹೊಲ ಸೈಟುಗಳಾದಾಗ ಬಾಗಿಲುವಾಡ ಮಾಡಿಕೊಟ್ಟವರು, ಸೈಟುಗಳು ಅಪಾರ್ಟ್‌ಮೆಂಟ್ ಆದಮೇಲೆ ಪ್ಲೈವುಡ್ ಕೊಯ್ಯುತ್ತಿರುವವರು. "ಈಗ ನಮ್ದು ಮರದ ಕೆಲ್ಸ ಅಲ್ಲ ಸಾರ್, ಅಂಟಿನ ಕೆಲ್ಸ" ಅಂತಾರೆ. ನನ್ನ ತಿರುಚಿದ ಕತ್ತನ್ನ ಒಂದು ಕಣ್ಣು ಮುಚ್ಚಿ, ಬಂದೂಕಿನ ಗುರಿ ನೋಡೋ ಹಾಗೆ ನೋಡಿ, "ಹಸಿ ಮರ ಇದು. ಒಣಗೋಕೆ ಬಿಟ್ಟಿಲ್ಲ, ಬಣ್ಣ ಬಳಿದುಬಿಟ್ಟವ್ರೆ" ಅಂದರು.

ಇಲ್ಲಿ ಸ್ವಲ್ಪ ಮರದ ಪಾಠ (ಬೇಡ ಅನ್ನೋರು ಒಂದು ಪ್ಯಾರಾ ಹಾರಿಸಿ). ಕಡಿದ ಹೊಸತರಲ್ಲಿ ಮರದೊಳಗೆ ಅದರ ಒಣ ತೂಕದ ಅರ್ಧಕ್ಕಿಂತ ಜಾಸ್ತಿ ನೀರು ಇರಬಹುದು. ವಾದ್ಯಕ್ಕೆ ಬಳಸೋವಾಗ ಅದು ಶೇಕಡಾ ಹತ್ತರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿದಿರಬೇಕು. ನೀರು ಶೇಕಡಾ ಮೂವತ್ತರವರೆಗೆ ಇಳಿಯೋತನಕ ಮರ ಸುಮ್ಮನಿರುತ್ತೆ, ಅಲ್ಲಿಂದ ಕೆಳಗೆ ಹೋದಾಗ ಕುಗ್ಗೋಕೆ ಶುರು. ಕುಗ್ಗೋದು ಎಲ್ಲ ಕಡೆಗೂ ಒಂದೇ ಸಮ ಆಗಿದ್ದರೆ ತಾಪತ್ರಯ ಇರಲಿಲ್ಲ. ವರ್ಷದ ಉಂಗುರಗಳ ಸುತ್ತಿನ ಗುಂಟ ಕುಗ್ಗೋದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗೋದರ ಸುಮಾರು ಎರಡರಷ್ಟು. ಮರ ಡೊಂಕಾಗೋದು, ತಿರುಚೋದು ಎಲ್ಲ ಇದರಿಂದಲೇ. ಹಾಗಾಗಿ ಕತ್ತಿಗೆ ಮರ ಕೊಯ್ಯೋವಾಗ ತುದಿಯಲ್ಲಿ ನೋಡಿದರೆ ಉಂಗುರದ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಒಣಗಿದ ಮೇಲೂ ಮರ ಮಳೆಗಾಲದಲ್ಲಿ ತೇವ ಹೀರುತ್ತೆ, ಏಪ್ರಿಲ್ ಮಧ್ಯಾಹ್ನಗಳಲ್ಲಿ ಬಿಟ್ಟುಕೊಡುತ್ತೆ. ತೇಗ ಈ ಆಟ ಆಡೋದು ಬಹಳ ಕಮ್ಮಿ. ಹಡಗಿಗೂ ಬಾಗಿಲುವಾಡಕ್ಕೂ ಅದನ್ನೇ ಹುಡುಕುತ್ತಿದ್ದದ್ದು ಸುಮ್ಮನೆ ಅಲ್ಲ.

ತೇಗ ನನ್ನ ಹತ್ತಿರ ಇತ್ತು. ಚಾಮರಾಜಪೇಟೆಯಲ್ಲಿ ತಾತನ ಮನೆ ಇತ್ತಲ್ಲ, ಮದ್ರಾಸ್ ತಾರಸಿಯದು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ: ಗೋಡೆಯಿಂದ ಗೋಡೆಗೆ ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಬೇಸಿಗೆಯಲ್ಲಿ ಫ್ಯಾನ್ ಬೇಕಾಗುತ್ತಿರಲಿಲ್ಲ. 2019ರಲ್ಲಿ ಆ ಮನೆ ಪಾಲಾಗಿ, ಬಿದ್ದು, ಈಗ ಅಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಕೆಡವಿದ ದಿನ ಜಂತೆಗಳನ್ನೆಲ್ಲ ಲಾರಿಗೆ ತುಂಬುತ್ತಿದ್ದರು, ಹಳೇ ಮರದವರಿಗೆ ಅಂತ. ಎರಡನ್ನ ನಾನು ಉಳಿಸಿಕೊಂಡಿದ್ದೆ, ಏನಕ್ಕೆ ಅಂತ ಆಗ ಗೊತ್ತಿರಲಿಲ್ಲ. ಎಂಬತ್ತು ವರ್ಷ ಒಂದು ಮನೆಯ ಭಾರ ಹೊತ್ತು ಒಂದಿಷ್ಟೂ ಬಾಗದೆ ಇದ್ದ ಮರ. ಆಚಾರ್ರು ಬಂದು ಮೊದಲು ಅದರ ಉದ್ದಕ್ಕೂ ಆಯಸ್ಕಾಂತ ಆಡಿಸಿ ಹನ್ನೊಂದು ಮೊಳೆ ಹುಡುಕಿದರು. ಮೊಳೆ ಇದ್ದ ಕಡೆಯೆಲ್ಲ ಕಬ್ಬಿಣದ ಕಪ್ಪು ಮರದೊಳಗೆ ಇಳಿದಿತ್ತು. ಅಷ್ಟನ್ನ ಬಿಟ್ಟು ಮೂರು ಪಟ್ಟಿ ಕೊಯ್ದೆವು. ಒಂದನ್ನ ತಿರುವಿಹಾಕಿ ಮೂರನ್ನೂ ಸೇರಿಸಿ ಅಂಟಿಸಿದರೆ, ಒಂದು ಡೊಂಕಾಗಲು ಹೊರಟರೆ ಇನ್ನೊಂದು ಹಿಡಿದುಕೊಳ್ಳುತ್ತೆ ಅನ್ನೋದು ಲೆಕ್ಕ. ಕೊಯ್ದ ಮೇಲೆ ಎರಡು ವಾರ ಮುಟ್ಟಬೇಡಿ ಅಂದರು ಆಚಾರ್ರು. ಎಷ್ಟೇ ಹಳೇ ಮರ ಆದರೂ ಕೊಯ್ದಾಗ ಒಳಗಿನ ಬಿಗುವು ಬಿಚ್ಚಿಕೊಂಡು ಒಂಚೂರು ಅಲುಗಾಡುತ್ತಂತೆ. ಅಲುಗಾಡಿ ಮುಗೀಲಿ, ಆಮೇಲೆ ಹತ್ತರಿ ಹಿಡೀರಿ ಅಂದರು.

ಇನ್ನು ಫಿಂಗರ್‌ಬೋರ್ಡಿಗೆ ಬೀಟೆ. ಅದೂ ಇತ್ತು. ಆದರೆ ಅದು ನನ್ನದಲ್ಲ.

ತಾತನದೊಂದು ಬೀಟೆ ಮಂಚ. ಬೆತ್ತ ಹೆಣೆದದ್ದು. ಒಂದು ಕಾಲು ಮುರಿದ ಮೇಲೆ ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ ನಮ್ಮ ಮನೆ ಅಟ್ಟದ ಮೇಲೆ ಹಾಕಿದ್ದೆವು. ರಿಪೇರಿ ಮಾಡಿಸಿದರೂ ಇಡೋಕೆ ಯಾರ ಮನೆಯಲ್ಲೂ ಜಾಗವಿಲ್ಲ. ತಾತನ ಮಕ್ಕಳಲ್ಲಿ ಈಗ ಉಳಿದಿರೋದು ಬನಶಂಕರಿಯಲ್ಲಿರುವ ಅತ್ತೆ ಒಬ್ಬರೇ. ಅವರನ್ನ ಕೇಳದೆ ಮುಟ್ಟೋ ಹಾಗಿಲ್ಲ. ಕೇಳಿದೆ. ಅತ್ತೆ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಾವು ಮೂರು ಜನಾನೂ ಹುಟ್ಟಿದ್ದು ಆ ಮಂಚದ ಮೇಲೆ. ಅಪ್ಪ ಪ್ರಾಣ ಬಿಟ್ಟಿದ್ದೂ ಅದರ ಮೇಲೇ. ಅದನ್ನ ಕೊಯ್ದು ಗಿಟಾರ್ ಮಾಡ್ತೀಯೇನೋ?" ಅಂದರು. ಬೈದ ಹಾಗೆ ಅಲ್ಲ, ನಿಜವಾಗಿಯೂ ಗೊತ್ತು ಮಾಡಿಕೊಳ್ಳೋಕೆ ಕೇಳಿದ ಹಾಗೆ. ನಾನು ಸುಮ್ಮನಾದೆ.

ಬೇರೆ ಬೀಟೆ ಕೊಂಡರಾಯಿತಲ್ಲ ಅಂತ ನೀವು ಕೇಳಬಹುದು. ಬೀಟೆ ಕೊಳ್ಳೋ ವಿಷಯ ಅಷ್ಟು ಸಲೀಸಲ್ಲ. ಕಾಫಿ ತೋಟದವನು ತನ್ನದೇ ತೋಟದ ಬೀಟೆಯನ್ನೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಅಳಿವಿನ ಅಂಚಿನತ್ತ ಸಾಗಿರುವ ಮರ ಅಂತ ಐಯುಸಿಎನ್ ಪಟ್ಟಿಯಲ್ಲಿದೆ. ಬೀಟೆಯ ಇಡೀ ಕುಲವನ್ನೇ, ಅಂದರೆ ಡಾಲ್‌ಬರ್ಜಿಯಾ ಜಾತಿಗಳನ್ನೆಲ್ಲ, 2017ರ ಜನವರಿ 2ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ಆಗ ಪ್ರಪಂಚದ ಗಿಟಾರ್ ಕಂಪನಿಗಳೆಲ್ಲ ಒದ್ದಾಡಿದವು. ಗಡಿ ದಾಟೋ ಒಂದೊಂದು ಗಿಟಾರಿಗೂ ಕಾಗದಪತ್ರ! 2019ರ ನವೆಂಬರ್‌ನಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕೆ ಸಿಗಲಿಲ್ಲ.

ಇದಕ್ಕೂ ಮುಂಚಿನ ಕಥೆ ಇನ್ನೂ ಸ್ವಾರಸ್ಯ. 2011ರ ಆಗಸ್ಟ್ 24ರಂದು ಅಮೆರಿಕದ ಸರ್ಕಾರಿ ಅಧಿಕಾರಿಗಳು ಪಿಸ್ತೂಲು ಸಮೇತ ಟೆನ್ನೆಸ್ಸಿಯ ಗಿಬ್ಸನ್ ಕಾರ್ಖಾನೆಗಳಿಗೆ ನುಗ್ಗಿದರು. ಹುಡುಕಿದ್ದು ಏನು ಗೊತ್ತಾ? ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಫಿಂಗರ್‌ಬೋರ್ಡ್ ಪಟ್ಟಿಗಳು. ನಮ್ಮ ದೇಶದ ರಫ್ತು ನಿಯಮದ ಪ್ರಕಾರ 6 ಮಿಲಿಮೀಟರಿಗಿಂತ ದಪ್ಪ ಕೊಯ್ದ ಬೀಟೆ ಹೊರಗೆ ಹೋಗುವಂತಿಲ್ಲ. ಹೋದ ಪಟ್ಟಿಗಳು 10 ಮಿಲಿಮೀಟರ್ ಇದ್ದವು, ಕಾಗದದಲ್ಲಿ 6 ಅಂತಿತ್ತು. ಇದು ಕೊಯ್ದ ಮರವೋ, ತಯಾರಾದ ವಾದ್ಯದ ಭಾಗವೋ ಅಂತ ವಾದ ನಡೆಯಿತು. ಅದಕ್ಕೂ ಮೊದಲು, 2009ರಲ್ಲಿ, ಮಡಗಾಸ್ಕರಿನ ಕರಿಮರದ ವಿಷಯಕ್ಕೆ ಒಂದು ದಾಳಿ ಆಗಿತ್ತು. ಕೊನೆಗೆ 2012ರಲ್ಲಿ ರಾಜಿ ಆಯಿತು. ಕಂಪನಿ ಮೂರು ಲಕ್ಷ ಡಾಲರ್ ದಂಡ ಕಟ್ಟಿ, ಮಡಗಾಸ್ಕರಿನ ಮರ ಬಿಟ್ಟುಕೊಟ್ಟಿತು. ನಮ್ಮ ಮರ ಅವರಿಗೆ ವಾಪಸ್ ಸಿಕ್ಕಿತು. ನಾಲ್ಕು ಮಿಲಿಮೀಟರ್ ದಪ್ಪದ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ರಂಪ. ಕಾನೂನು ಮಾಡಿದವರ ಲೆಕ್ಕ ಮರ ಕಚ್ಚಾ ಹೋಗದೆ ಕೆಲಸವಾಗಿ ಹೋಗಲಿ ಅಂತ ಇದ್ದಿರಬೇಕು. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ನೋಡಿದವರಿಗೆ ಆ ಮರದ ಮೇಲೆ ಎಂಥ ಕೆಲಸ ಸಾಧ್ಯ ಅಂತ ಬೇರೆ ಹೇಳಬೇಕಿಲ್ಲ.

ಇರಲಿ. ಎರಡು ತಿಂಗಳು ಕಳೆದ ಮೇಲೆ ಅತ್ತೆಯದೇ ಫೋನು. "ಪಕ್ಕದ ಪಟ್ಟಿ ಒಂದು ತಗೋ. ತಲೆ ಕಡೆಯದು ಮುಟ್ಟಬೇಡ. ಹಾಳಾಯ್ತು ಅಂತ ಮಾತ್ರ ಬಂದು ಹೇಳಬೇಡ ನನಗೆ."

ಆರೂಕಾಲು ಅಡಿ ಉದ್ದ, ನಾಲ್ಕು ಇಂಚು ಅಗಲ, ಒಂದೂಕಾಲು ಇಂಚು ದಪ್ಪದ ಪಟ್ಟಿ. ಒಂದು ಅಂಚಿನ ಉದ್ದಕ್ಕೂ ಬೆತ್ತ ಪೋಣಿಸುವ ತೂತುಗಳು, ಅಲ್ಲಿಗೆ ಒಂದಿಂಚು ಹೋಯಿತು. ಉಳಿದ ಮೂರಿಂಚು ಧಾರಾಳ ಸಾಕು. ಹೊರಗಡೆ ಕೈ ತಾಗಿ ತಾಗಿ ಕಪ್ಪಾಗಿ, ಕಲ್ಲಿನ ಹಾಗಿತ್ತು. ಆಚಾರ್ರ ಗರಗಸ ಒಳಗೆ ಇಳಿಯುತ್ತಿದ್ದ ಹಾಗೆ ಅಂಗಡಿ ತುಂಬಾ ಸಿಹಿ ವಾಸನೆ. ಇಷ್ಟು ವರ್ಷದ ಮೇಲೂ! ಒಳಗೆ ನೇರಳೆ ಬಣ್ಣ, ಗಾಳಿಗೆ ಬಿಟ್ಟ ಒಂದೆರಡು ದಿನಕ್ಕೆ ಕಂದಾಗಲು ಶುರುವಾಗುತ್ತೆ. ಆಚಾರ್ರು ಯಂತ್ರ ನಿಲ್ಲಿಸಿ ಹಲಗೆಯನ್ನ ಮೂಗಿನ ಹತ್ತಿರ ಹಿಡಿದು, "ಇಪ್ಪತ್ತು ವರ್ಷ ಆಯ್ತು ಸಾರ್ ಇದನ್ನ ಕೊಯ್ದು" ಅಂದರು. ಆ ಅರ್ಧ ಗಂಟೆಗೆ ನನ್ನ ಹತ್ತಿರ ದುಡ್ಡು ತಗೊಳ್ಳಲಿಲ್ಲ. (ಬೀಟೆಯ ಪುಡಿ ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತೆ. ಮಾಸ್ಕ್ ಹಾಕದೆ ಕೊಯ್ಯಬೇಡಿ. ಆಚಾರ್ರು ಹಾಕಲ್ಲ, ಅದು ಬೇರೆ.)

ತೇಗ, ಬೀಟೆ ಎರಡೂ ಎಣ್ಣೆ ಮರ. ಅಂಟಿಸೋ ಮೊದಲು ಥಿನ್ನರಿನಲ್ಲಿ ಒರೆಸಿ, ಆರಿದ ತಕ್ಷಣ ಅಂಟು ಹಚ್ಚಬೇಕು, ಇಲ್ಲದಿದ್ದರೆ ಎಣ್ಣೆ ಮತ್ತೆ ಮೇಲೆ ಬಂದು ಅಂಟು ಹಿಡಿಯಲ್ಲ. ತೇಗದ ಒಳಗೆ ಸಣ್ಣ ಮರಳಿನಂಥ ಸಿಲಿಕಾ ಇರುತ್ತೆ, ಉಳಿಯ ಅಲಗು ಅರ್ಧ ಗಂಟೆಗೆ ಮೊಂಡು. ಮಸೆ, ಕೆತ್ತು, ಮಸೆ. ಕತ್ತಿನ ಹಿಂಬದಿಯನ್ನ ದುಂಡಗೆ ಮಾಡೋದೇ ಇದರಲ್ಲಿ ಅತ್ಯಂತ ಸುಖದ ಕೆಲಸ. ಅರದಲ್ಲಿ ಉಜ್ಜೋದು, ಕಣ್ಣು ಮುಚ್ಚಿ ಅಂಗೈಯಲ್ಲಿ ಹಿಡಿದು ನೋಡೋದು. ಕಣ್ಣಿಗೆ ಕಾಣದ ಉಬ್ಬು ಹೆಬ್ಬೆರಳಿಗೆ ಸಿಗುತ್ತೆ. ನಾಲ್ಕು ಭಾನುವಾರ ಅದರಲ್ಲೇ ಹೋದವು, ನನಗೆ ಬೇಜಾರಿಲ್ಲ.

ಭಯ ಆಗಿದ್ದು ಫ್ರೆಟ್‌ಗಳಿಗೆ. ಹಲಗೆಗೆ ಅಡ್ಡಲಾಗಿ ಅರ್ಧ ಮಿಲಿಮೀಟರಿಗಿಂತ ಚೂರೇ ಚೂರು ಅಗಲದ ಸೀಳು ಕೊಯ್ದು, ಅದರೊಳಗೆ ನಿಕ್ಕಲ್ ಸೇರಿದ ಲೋಹದ ತಂತಿ ಬಡಿದು ಕೂರಿಸಬೇಕು. ಎಲ್ಲಿ ಕೊಯ್ಯಬೇಕು ಅನ್ನೋದಕ್ಕೆ ಒಂದು ಸಂಖ್ಯೆ ಇದೆ: 17.817. ತಂತಿಯ ಉದ್ದ 647.7 ಮಿಲಿಮೀಟರ್. ಅದನ್ನ ಆ ಸಂಖ್ಯೆಯಿಂದ ಭಾಗಿಸಿದರೆ 36.35, ಅದು ಮೊದಲ ಫ್ರೆಟ್. ಉಳಿದ ಉದ್ದವನ್ನ ಮತ್ತೆ ಭಾಗಿಸಿದರೆ 34.31, ಅದು ಎರಡನೆಯದು. ಹೀಗೇ ಹೋಗಿ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲಬೇಕು. ಗರಗಸ ಇಟ್ಟ ಮೇಲೆ ಮುಗೀತು, ಆಚೀಚೆ ಇಲ್ಲ. ಮಂಚದ ಮರ ಬೇರೆ. ಇಪ್ಪತ್ತೆರಡು ಸೀಳಿಗೆ ಎರಡು ದಿನ ತಗೊಂಡೆ, ಆ ಎರಡು ದಿನ ಫೋನ್ ಆಫ್.

ವೀಣೆಯಲ್ಲಿ ಹೀಗಲ್ಲ. ಅತ್ತೆ ಮೂವತ್ತು ವರ್ಷ ವೀಣೆ ಪಾಠ ಹೇಳಿದವರು. ಅವರ ಮನೆಗೆ ಮೇಳ ಕಟ್ಟೋಕೆ ಒಬ್ಬರು ಬರುತ್ತಿದ್ದದ್ದು ನನಗೆ ನೆನಪಿದೆ. ದಂಡಿಯ ಮೇಲೆ ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಎರಡು ದಿಣ್ಣೆ ಕಟ್ಟಿ, ಅದರ ಮೇಲೆ ಇಪ್ಪತ್ನಾಲ್ಕು ಕಂಚಿನ ಮೆಟ್ಟುಗಳನ್ನ ಒಂದೊಂದಾಗಿ ಕೂರಿಸೋರು. ಅಳತೆಪಟ್ಟಿ ಇಲ್ಲ. ತಂತಿ ಮೀಟೋದು, ಕೇಳೋದು, ಮೆಟ್ಟನ್ನ ಒಂದು ಕೂದಲಷ್ಟು ಸರಿಸೋದು, ಮತ್ತೆ ಮೀಟೋದು. ಬೇಸಿಗೆಗೆ ಮೇಣ ಮೆತ್ತಗಾಗಿ ಮೇಳ ಕೆಟ್ಟರೆ ಮತ್ತೆ ಬರೋರು.

ಕತ್ತು ಮುಗಿದು, ಹಳೇ ಮೈಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿ, ತಂತಿ ಬಿಗಿದು ಒಂದು ವಾರ ಬಿಟ್ಟು ಅತ್ತೆ ಮನೆಗೆ ತಗೊಂಡು ಹೋದೆ. ಅವರು ಮೊದಲು ಅದನ್ನ ನೋಡಲೇ ಇಲ್ಲ, ಹಲಗೆಯ ಮೇಲೆ ಬೆರಳು ಆಡಿಸಿದರು. ಆಮೇಲೆ ತೊಡೆ ಮೇಲೆ ವೀಣೆಯ ಹಾಗೆ ಮಲಗಿಸಿಕೊಂಡರು. ಒಂದು ತಂತಿಯನ್ನ ಷಡ್ಜ ಅಂತ ಇಟ್ಟುಕೊಂಡು ಒಂದೊಂದೇ ಸ್ವರ ಮೀಟುತ್ತಾ ಬಂದವರು ನಾಲ್ಕನೇ ಫ್ರೆಟ್ಟಿನಲ್ಲಿ ನಿಂತರು.

"ಗಾಂಧಾರ ಏರಿದೆಯಲ್ಲೋ."

ಏರಿಲ್ಲ ಅತ್ತೆ, ಲೆಕ್ಕ ಸರಿ ಇದೆ ಅಂದೆ.

"ಲೆಕ್ಕ ಸರಿ ಇರಬಹುದು. ಗಾಂಧಾರ ಏರಿದೆ."

ಅವರು ಹೇಳಿದ್ದು ನಿಜ. ಗಿಟಾರಿನಲ್ಲಿ ಹನ್ನೆರಡು ಸ್ವರಸ್ಥಾನಗಳನ್ನೂ ಸಮವಾಗಿ ಹಂಚಿರುತ್ತಾರೆ, ಯಾವ ಸ್ವರವನ್ನು ಆಧಾರ ಮಾಡಿಕೊಂಡರೂ ನುಡಿಸೋಕೆ ಬರಲಿ ಅಂತ. ಒಂದು ಸ್ವರಸ್ಥಾನದಿಂದ ಇನ್ನೊಂದಕ್ಕೆ ನೂರು ಪಾಲು ಅಂತ ಇಟ್ಟುಕೊಂಡರೆ, ತಂಬೂರಿಯ ಜೊತೆ ಕೂಡಿಕೊಳ್ಳುವ ಅಂತರ ಗಾಂಧಾರ ಷಡ್ಜದಿಂದ 386ನೇ ಪಾಲಿನಲ್ಲಿದೆ. ಗಿಟಾರಿನದು 400ರಲ್ಲಿ. ಹದಿನಾಲ್ಕು ಪಾಲು ಹೆಚ್ಚು. ಪಂಚಮದಲ್ಲಿ ವ್ಯತ್ಯಾಸ ಬರೀ ಎರಡು, ಕಿವಿಗೆ ಗೊತ್ತಾಗಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ತಂತಿಯ ಉದ್ದಕ್ಕೆ ಗಾಂಧಾರದ ಫ್ರೆಟ್ಟು 133.6 ಮಿಲಿಮೀಟರಿನಲ್ಲಿದೆ. ಅತ್ತೆಯ ಕಿವಿ ಕೇಳುತ್ತಿರೋ ಜಾಗ 129.5. ಗರಗಸದ ಅರ್ಧ ಮಿಲಿಮೀಟರಿಗೆ ಎರಡು ದಿನ ಉಸಿರು ಬಿಗಿ ಹಿಡಿದಿದ್ದೆ, ಅತ್ತೆ ನಾಲ್ಕು ಮಿಲಿಮೀಟರ್ ಹಿಂದಕ್ಕೆ ಇಡು ಅಂತಿದಾರೆ!

"ಇದನ್ನ ಒಂಚೂರು ಸರಿಸೋ ಹಾಗಿಲ್ವಾ?"

ಇಲ್ಲ. ಮರದಲ್ಲಿ ಕೊಯ್ದಾಗಿದೆ.

ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಎರಡನೇ ಫ್ರೆಟ್ಟಿಗೆ, ಅಂದರೆ ರಿಷಭಕ್ಕೆ ಬೆರಳು ಹಿಮ್ಮೆಟ್ಟಿಸಿ, ತಂತಿಯನ್ನ ಪಕ್ಕಕ್ಕೆ ಎಳೆದರು. ಸ್ವರ ಏರಿ ಗಾಂಧಾರಕ್ಕೆ ಬಂದು, ಅವರಿಗೆ ಬೇಕಾದ ಜಾಗದಲ್ಲಿ ನಿಂತಿತು. ಲೆಕ್ಕದ ಗಾಂಧಾರದ ಒಂದು ಕೂದಲು ಕೆಳಗೆ. ಮತ್ತೆ ಬಿಟ್ಟರು, ಮತ್ತೆ ಎಳೆದರು. ಐದಾರು ನಿಮಿಷ ಕಲ್ಯಾಣಿಯ ನೆರಳು ಸುಳಿದಾಡಿತು. ಆಂಪ್ಲಿಫೈಯರ್ ಇಲ್ಲ, ಎಲೆಕ್ಟ್ರಿಕ್ ಗಿಟಾರಿನ ಸಣ್ಣ ಕೀರಲು ದನಿ ಅಷ್ಟೆ. ನಾನು ಉಸಿರಾಡಲಿಲ್ಲ.

"ತಂತಿ ಮರಕ್ಕೆ ತೀರಾ ಹತ್ತಿರ. ಬೆರಳು ಹಲಗೆಗೆ ತಾಗತ್ತೆ, ಎಳೆಯೋಕೆ ಹಿಡಿತ ಸಿಗಲ್ಲ" ಅಂದರು ಕೊನೆಗೆ. ವೀಣೆಯಲ್ಲಿ ಮೇಣದ ದಿಣ್ಣೆಗಳ ಮಧ್ಯೆ ಹಳ್ಳ, ಮೆಟ್ಟುಗಳ ಕೆಳಗೆ ಬೆರಳಿಗೆ ಬೇಕಾದಷ್ಟು ಜಾಗ. ಇದಕ್ಕೊಂದು ದಾರಿ ಇದೆ. ಎಪ್ಪತ್ತರ ದಶಕದಲ್ಲಿ ಶಕ್ತಿ ತಂಡದಲ್ಲಿ ನುಡಿಸುವಾಗ ಜಾನ್ ಮೆಕ್‌ಲಾಫ್ಲಿನ್ ತನ್ನ ಗಿಟಾರಿನ ಫ್ರೆಟ್‌ಗಳ ನಡುವಿನ ಮರವನ್ನ ದೋಣಿಯ ಹಾಗೆ ತೋಡಿಸಿಕೊಂಡಿದ್ದ, ನಮ್ಮ ಗಮಕಗಳು ಬರಲಿ ಅಂತ. ಅತ್ತೆಗೆ ಹೇಳಿದೆ. ತೋಡಿಬಿಟ್ಟರೆ ಆ ಮರ ವಾಪಸ್ ಬರಲ್ಲ ಅಂತಲೂ ಹೇಳಿದೆ.

"ಇದನ್ನ ಮುಟ್ಟಬೇಡ, ಚೆನ್ನಾಗಿದೆ" ಅಂದರು. ಆಮೇಲೆ, "ಪಟ್ಟಿಯಲ್ಲಿ ಇನ್ನೂ ಮರ ಉಳಿದಿರಬೇಕಲ್ಲ?"

ಉಳಿದಿದೆ. ಆಚಾರ್ರ ಅಂಗಡಿಯ ಅಟ್ಟದಲ್ಲಿ, ಬಟ್ಟೆ ಸುತ್ತಿ, ಅಲುಗಾಡದ ಹಾಗೆ ಕಟ್ಟಿ ಇಟ್ಟಿದೀವಿ. ಎರಡನೇ ಜಂತೆಯೂ ಹಾಗೇ ಇದೆ. ಈ ಮಳೆಗಾಲದಲ್ಲಿ ಮೊದಲನೇ ಕತ್ತು ಎಷ್ಟು ಬಾಗುತ್ತೆ ಅಂತ ವಾರಕ್ಕೊಮ್ಮೆ ಅಳೆದು ಬರೆದಿಡ್ತಾ ಇದೀನಿ. ಆಗಸ್ಟಿನ ತನಕ ಸರಳನ್ನ ಕಾಲು ಸುತ್ತು ಮಾತ್ರ ತಿರುಗಿಸಬೇಕಾಯಿತು, ತಿರುಚಿಲ್ಲ. ದಸರಾ ಕಳೆದ ಮೇಲೆ ಎರಡನೆಯದು. ಗಾಂಧಾರದ ಫ್ರೆಟ್ಟನ್ನ ಎಲ್ಲಿ ಕೊಯ್ಯಬೇಕು ಅಂತ ಅತ್ತೆಯನ್ನೇ ಕೂರಿಸಿಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳೋ ಯೋಚನೆ ಇದೆ.